ಬರೆದು ಸಂಪಾದಿಸುವವರಿಗೆ ಸ್ವಂತ ವೆಬ್‌ಸೈಟ್ ಬೇಕೇ?

ನಮ್ಮ ಕಾಲೇಜಿನಲ್ಲಿ ಪಿಯುಸಿ ಮುಗಿಸಿ ಹೋದವರಲ್ಲಿ ಕೆಲವರು ಈಗ ಮನೆಯಲ್ಲೇ ಕುಳಿತು ಬರೆದು ನಾಲ್ಕು ಕಾಸು ಸಂಪಾದಿಸುತ್ತಿದ್ದಾರೆ. ಒಬ್ಬರು ಅಂಗಡಿಗಳಿಗೆ ಜಾಹೀರಾತಿನ ಸಾಲು ಬರೆದುಕೊಡುತ್ತಾರೆ. ಇನ್ನೊಬ್ಬರು ಇಂಗ್ಲಿಷ್ ಕರಪತ್ರಗಳನ್ನು ಕನ್ನಡಕ್ಕೆ ತರುತ್ತಾರೆ. ಮತ್ತೊಬ್ಬರು ಆನ್‌ಲೈನಿನಲ್ಲಿ ಮಾರಾಟಕ್ಕಿಡುವ ಸೀರೆ, ಕುಕ್ಕರ್, ಬೆಡ್‌ಶೀಟುಗಳ ವಿವರಣೆ ಬರೆಯುತ್ತಾರೆ. ಯಾವ ಸಂಸ್ಥೆಗೂ ನೌಕರರಾಗದೆ, ಕೆಲಸ ಬಂದಾಗ ಮಾಡಿ, ಮಾಡಿದಷ್ಟಕ್ಕೆ ಹಣ ಪಡೆಯುವ ಇಂಥವರನ್ನು ಫ್ರೀಲಾನ್ಸ್ ಬರಹಗಾರರು ಎನ್ನುತ್ತಾರೆ. ಈ ಪದದ ಹಿಂದೆ ಒಂದು ಸಂಗತಿ ಇದೆ. 1819ರ ಕೊನೆಯಲ್ಲಿ ಪ್ರಕಟವಾದ ವಾಲ್ಟರ್ ಸ್ಕಾಟರ 'ಐವನ್‌ಹೋ' ಕಾದಂಬರಿಯಲ್ಲಿ, ಹಣ ಕೊಟ್ಟವರ ಪರವಾಗಿ ಯುದ್ಧ ಮಾಡುವ ಭರ್ಜಿ ಹಿಡಿದ ಸೈನಿಕರಿಗೆ ಈ ಹೆಸರು ಬಳಕೆಯಾಗಿದೆ. ಈಗ ಭರ್ಜಿಯ ಜಾಗಕ್ಕೆ ಕೀಬೋರ್ಡ್ ಬಂದಿದೆ. ತಿಂಗಳ ಒಂದನೇ ತಾರೀಕಿಗೆ ಸಂಬಳ ಬರುವುದು ಮಾತ್ರ ಆಗಲೂ ಇರಲಿಲ್ಲ, ಈಗಲೂ ಇಲ್ಲ.

ಈ ಕೆಲಸಕ್ಕೆ ಇಳಿದ ಎಲ್ಲರಿಗೂ ಯಾರಾದರೊಬ್ಬರು ಕೊಡುವ ಸಲಹೆ ಒಂದೇ: "ಮೊದಲು ನಿಮ್ಮದೇ ಒಂದು ವೆಬ್‌ಸೈಟ್ ಮಾಡಿಸಿಕೊಳ್ಳಿ." ಇದು ನಿಜವಾಗಿ ಲಾಭದ ಮಾತೋ ಅಥವಾ ವೆಬ್‌ಸೈಟ್ ಮಾಡಿಕೊಡುವವರ ಲಾಭದ ಮಾತೋ ಎಂದು ತಿಳಿದುಕೊಳ್ಳಲೇಬೇಕಾದ ಪ್ರಸಂಗ ನಮ್ಮ ಮನೆಗೆ ಬಂತು. ಆದ್ದರಿಂದ ಈ ಲೇಖನ.

ನನ್ನ ಆಪಾ ಬಿ.ಎ. ಮುಗಿಸಿ ಎರಡು ವರ್ಷದಿಂದ ಅನುವಾದ ಮಾಡುತ್ತಿದ್ದಾರೆ. ನಮ್ಮ ಮನೆಮಾತು ಉರ್ದು. ಆಪಾ ಶಾಲೆಯಲ್ಲಿ ಓದಿದ್ದು ಕನ್ನಡ ಮಾಧ್ಯಮದಲ್ಲಿ, ಪದವಿ ಇಂಗ್ಲಿಷಿನಲ್ಲಿ. ಈ ಮೂರು ಭಾಷೆಗಳ ನಡುವೆ ಓಡಾಡಬಲ್ಲರು ಎಂಬುದೇ ಅವರ ಬಂಡವಾಳ. ಒಂದು ಪದಕ್ಕೆ 60 ಪೈಸೆ ದರ. ಶಾಲೆಗಳ ಮಾಹಿತಿ ಪುಸ್ತಕ, ಆಸ್ಪತ್ರೆಯ ಸೂಚನಾಪತ್ರ, ಸಂಘಗಳ ವರದಿ, ಮದುವೆಯ ಆಮಂತ್ರಣ, ಹೀಗೆ ಬಂದದ್ದನ್ನೆಲ್ಲ ಮಾಡಿ 22,000 ರೂಪಾಯಿ ಕೂಡಿಟ್ಟಿದ್ದರು. ಅದು ಬಿ.ಎಡ್. ಶುಲ್ಕದ ಮೊದಲ ಕಂತಿಗೆಂದು ಎತ್ತಿಟ್ಟ ಹಣ. ಅಷ್ಟರಲ್ಲಿ ವೆಬ್‌ಸೈಟ್ ಮಾಡಿಕೊಡುವವರೊಬ್ಬರು 18,000 ರೂಪಾಯಿಯ ಕೊಟೇಶನ್ ಕಳಿಸಿದರು. "ಒಂದು ಸಲ ಹಾಕಿ ಮೇಡಂ, ಆಮೇಲೆ ಕೆಲಸ ತಾನಾಗಿ ಬರುತ್ತೆ" ಎಂದೂ ಹೇಳಿದರು. ಮನೆಯಲ್ಲಿ ಕಾಮರ್ಸ್ ಓದುತ್ತಿರುವುದು ನಾನು ಮಾತ್ರ. "ನೀನೇ ಲೆಕ್ಕ ಹಾಕಿ ಹೇಳು" ಎಂದು ಆಪಾ ಆ ಕಾಗದವನ್ನು ನನ್ನ ಕೈಗೆ ಕೊಟ್ಟರು.

ಕೊಟೇಶನ್ನಿನಲ್ಲಿ ನಾಲ್ಕು ಬಾಬತ್ತುಗಳಿದ್ದವು. ಡೊಮೈನ್ 1,500, ಹೋಸ್ಟಿಂಗ್ 4,500, ವಿನ್ಯಾಸ 9,000, ಎಸ್‌ಇಒ 3,000. ಎರಡನೇ ವರ್ಷದಿಂದ 'ನಿರ್ವಹಣೆ'ಗೆ ವರ್ಷಕ್ಕೆ 7,000 ಎಂದು ಕೆಳಗೆ ಸಣ್ಣ ಅಕ್ಷರದಲ್ಲಿತ್ತು. ಒಂದೊಂದೂ ಏನು ಎಂದು ತಿಳಿಯದೆ ಲೆಕ್ಕ ಹಾಕುವಂತಿರಲಿಲ್ಲ.

ಡೊಮೈನ್ ಎಂದರೆ ವಿಳಾಸ. ನಾವು ಬ್ರೌಸರಿನಲ್ಲಿ ಟೈಪ್ ಮಾಡುವ ಹೆಸರು. ಜಗತ್ತಿನ ಈ ಹೆಸರುಗಳ ವ್ಯವಸ್ಥೆಯನ್ನು ನೋಡಿಕೊಳ್ಳುವುದು 1998ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸ್ಥಾಪನೆಯಾದ ಐಕ್ಯಾನ್ ಎಂಬ ಸಂಸ್ಥೆ. ನಮ್ಮ ದೇಶದ 'ಡಾಟ್ ಇನ್' ಹೆಸರುಗಳನ್ನು ನಿಕ್ಸಿ, ಅಂದರೆ ನ್ಯಾಷನಲ್ ಇಂಟರ್ನೆಟ್ ಎಕ್ಸ್‌ಚೇಂಜ್ ಆಫ್ ಇಂಡಿಯಾ, ನೋಡಿಕೊಳ್ಳುತ್ತದೆ. ಕನ್ನಡ ಲಿಪಿಯಲ್ಲೇ 'ಡಾಟ್ ಭಾರತ' ಎಂದು ಕೊನೆಯಾಗುವ ಹೆಸರೂ ಸಿಗುತ್ತದೆ ಎಂಬುದು ನನಗೆ ಹೊಸ ವಿಷಯವಾಗಿತ್ತು. ಜನ 'ಡೊಮೈನ್ ಕೊಂಡೆ' ಎನ್ನುತ್ತಾರಲ್ಲ, ಅದು ಸರಿಯಲ್ಲ. ಅದು ಬಾಡಿಗೆ. ಒಂದು ವರ್ಷಕ್ಕೋ, ಹೆಚ್ಚೆಂದರೆ ಹತ್ತು ವರ್ಷಕ್ಕೋ ಹಣ ಕಟ್ಟಿ ಹೆಸರನ್ನು ಇಟ್ಟುಕೊಳ್ಳಬಹುದು. ನವೀಕರಿಸದಿದ್ದರೆ ಅದು ಕೈಬಿಟ್ಟು ಹೋಗಿ ಯಾರು ಬೇಕಾದರೂ ಪಡೆಯುವಂತಾಗುತ್ತದೆ. ಮೊದಲ ವರ್ಷ ಕಡಿಮೆ ದರ ತೋರಿಸಿ ಎರಡನೇ ವರ್ಷ ಏರಿಸುವುದು ಈ ವ್ಯಾಪಾರದಲ್ಲಿ ಮಾಮೂಲು, ಹಾಗಾಗಿ ನವೀಕರಣದ ದರವನ್ನೇ ಕೇಳಬೇಕು. ಆಪಾಗೆ ಬೇಕಾಗಿದ್ದ ಹೆಸರು ಜಿಎಸ್‌ಟಿ ಸೇರಿ ವರ್ಷಕ್ಕೆ 900 ರೂಪಾಯಿಗೆ ಸಿಗುತ್ತಿತ್ತು.

ಹೋಸ್ಟಿಂಗ್ ಎಂದರೆ ಆ ವಿಳಾಸದಲ್ಲಿರುವ ಮಳಿಗೆ. ನಮ್ಮ ಪುಟಗಳನ್ನು ಇಟ್ಟುಕೊಂಡು ಕೇಳಿದವರಿಗೆ ತೋರಿಸುವ ಕಂಪ್ಯೂಟರಿನಲ್ಲಿ ಜಾಗ. ಇದಕ್ಕೂ ಬಾಡಿಗೆ ಉಂಟು. ಆದರೆ ನಾಲ್ಕಾರು ಪುಟಗಳ ಸೈಟಿಗೆ ಗೂಗಲ್ ಸೈಟ್ಸ್‌ನಂಥ ಕಡೆ ಪುಕ್ಕಟೆ ಜಾಗ ಸಿಗುತ್ತದೆ, ನಮ್ಮದೇ ಡೊಮೈನನ್ನೂ ಅದಕ್ಕೆ ಜೋಡಿಸಬಹುದು. ಇನ್ನು ವಿನ್ಯಾಸ. ಸಿದ್ಧ ಮಾದರಿಗಳಿರುವುದರಿಂದ, ಪವರ್‌ಪಾಯಿಂಟಿನಲ್ಲಿ ಸೆಮಿನಾರಿಗೆ ಸ್ಲೈಡ್ ಮಾಡಲು ಬರುವವರು ಎರಡು ಸಂಜೆಯಲ್ಲಿ ಕಲಿತುಕೊಳ್ಳಬಹುದಾದ ಕೆಲಸ. ಅಂದಹಾಗೆ, ವೆಬ್‌ಸೈಟ್ ಮಾಡಲು ಯಾರ ಅಪ್ಪಣೆಯೂ ಲೈಸೆನ್ಸೂ ಬೇಕಿಲ್ಲ. ಟಿಮ್ ಬರ್ನರ್ಸ್ ಲೀ ಕಟ್ಟಿದ ವೆಬ್ ತಂತ್ರವನ್ನು ಸ್ವಿಟ್ಜರ್ಲೆಂಡಿನ ಸರ್ನ್ ಪ್ರಯೋಗಾಲಯ 1993ರ ಏಪ್ರಿಲ್ 30ರಂದು ಎಲ್ಲರಿಗೂ ಉಚಿತವಾಗಿ ಬಿಟ್ಟುಕೊಟ್ಟಿತು. ಆ ಕಾಗದಕ್ಕೆ ಸಹಿ ಬೀಳದಿದ್ದರೆ ಈ ಲೇಖನಕ್ಕೆ ವಿಷಯವೇ ಇರುತ್ತಿರಲಿಲ್ಲ.

ಎಸ್‌ಇಒ ಎಂದರೆ ಗೂಗಲಿನಲ್ಲಿ ಹುಡುಕಿದಾಗ ನಮ್ಮ ಪುಟ ಮೇಲೆ ಬರುವಂತೆ ಮಾಡುವ ಕೆಲಸ. 'ಕೆಲಸ ತಾನಾಗಿ ಬರುತ್ತೆ' ಎಂಬ ಮಾತು ನಿಂತಿದ್ದೇ ಇದರ ಮೇಲೆ. ಆಪಾ ಮತ್ತು ನಾನು ಒಂದು ರಾತ್ರಿ ಕುಳಿತು, ಗ್ರಾಹಕರು ಹೇಗೆ ಹುಡುಕಬಹುದೋ ಹಾಗೆಲ್ಲ ಹುಡುಕಿದೆವು. ಕನ್ನಡ ಅನುವಾದಕರು, ಉರ್ದು ಕನ್ನಡ ಅನುವಾದ, ಹೀಗೆ. ಮೊದಲ ಪುಟದಲ್ಲಿ ಬಂದದ್ದೆಲ್ಲ ದೊಡ್ಡ ಅನುವಾದ ಕಂಪನಿಗಳು, ಯಂತ್ರಾನುವಾದದ ಪುಟಗಳು. ಅವರ ನಡುವೆ ನಿನ್ನೆ ಹುಟ್ಟಿದ ಒಂದು ಸೈಟನ್ನು 3,000 ರೂಪಾಯಿಯಲ್ಲಿ ಮೇಲಕ್ಕೆ ತರುತ್ತೇನೆ ಎನ್ನುವುದನ್ನು ನಂಬುವುದು ಕಷ್ಟ. ಮೊದಲ ಸ್ಥಾನ ಕೊಡಿಸುತ್ತೇವೆಂದು ಯಾರೂ ಖಾತರಿ ಕೊಡಲು ಸಾಧ್ಯವಿಲ್ಲ ಎಂದು ಗೂಗಲ್ ತಾನೇ ಹೇಳುತ್ತದೆ.

ಇಲ್ಲಿ ನನಗೆ ವಿಷಯ ಸ್ಪಷ್ಟವಾದದ್ದು ಪುಸ್ತಕದಿಂದಲ್ಲ, ಅಬ್ಬಾ ಅವರಿಂದ. ಶಿವಮೊಗ್ಗದ ಗಾಂಧಿ ಬಜಾರಿನ ಹಿಂದಿನ ಅಡ್ಡರಸ್ತೆಯೊಂದರಲ್ಲಿ ಅವರದು ಟೈಲರ್ ಅಂಗಡಿ. ಮೇಲೆ ಒಂದು ಬೋರ್ಡು ಇದೆ. ಆ ಬೋರ್ಡು ನೋಡಿ ಎಷ್ಟು ಜನ ಬಂದಿರಬಹುದು ಎಂದು ಕೇಳಿದೆ. ಅವರು ಹೊಲಿಗೆ ಯಂತ್ರ ನಿಲ್ಲಿಸದೆಯೇ ಹೇಳಿದ್ದು ಇಷ್ಟು: ಬೋರ್ಡು ನೋಡಿ ಬಂದವರು ಹತ್ತೂ ಇಲ್ಲ. ಎಲ್ಲರೂ ಯಾರೋ ಹೇಳಿ ಬಂದವರು. ಆದರೆ ಬೋರ್ಡು ಇಲ್ಲದಿದ್ದರೆ ಯಾರೋ ಹೇಳಿ ಕಳಿಸಿದವರೂ ಅರ್ಧ ಜನ ಪಕ್ಕದ ಅಂಗಡಿಗೆ ಹೋಗುತ್ತಿದ್ದರು.

ವೆಬ್‌ಸೈಟಿನ ಕೆಲಸವೂ ಇದೇ ಎಂದು ನನಗೆ ಅನಿಸುತ್ತದೆ. ಅದು ಗ್ರಾಹಕರನ್ನು ಕರೆತರುವುದಿಲ್ಲ. ಯಾರೋ ಹೆಸರು ಹೇಳಿದ ಮೇಲೆ, ನಮ್ಮ ಮುಖ ನೋಡದವರು, ಇವರಿಗೆ ಕೆಲಸ ಕೊಡಬಹುದೇ ಬೇಡವೇ ಎಂದು ತೀರ್ಮಾನಿಸುವ ಜಾಗ ಅದು. ಊರೊಳಗಿನ ಕೆಲಸಕ್ಕೆ ಈ ಜಾಗ ಅಷ್ಟು ಬೇಕಾಗುವುದಿಲ್ಲ. ಆಪಾ ಯಾರ ಮಗಳು ಎಂದು ನಮ್ಮ ಬೀದಿಗೆಲ್ಲ ಗೊತ್ತು. ಕಲಬುರಗಿಯಿಂದಲೋ ಮಂಗಳೂರಿನಿಂದಲೋ ಕೇಳುವವರಿಗೆ ಅದು ಗೊತ್ತಿಲ್ಲ.

ಹಾಗಾದರೆ ಫೈವರ್, ಅಪ್‌ವರ್ಕ್ ಮುಂತಾದ ಕಡೆ ಹೆಸರು ಹಾಕಿದರೆ ಸಾಲದೇ? ನಮ್ಮ ತರಗತಿಯಲ್ಲಿ ಹಲವರು ಕೇಳುವ ಪ್ರಶ್ನೆ ಇದು. ಸಾಕು, ಮೊದಲಿಗೆ. ಅವು ಸಂತೆಯಿದ್ದಂತೆ. ಕೊಳ್ಳುವವರು ಅಲ್ಲಿಗೇ ಬಂದಿರುತ್ತಾರೆ, ಯಾರ ಪರಿಚಯವೂ ಇಲ್ಲದ ಹೊಸಬರಿಗೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಆದರೆ ಸಂತೆಗೆ ಸುಂಕ ಇದೆ. 2010ರಲ್ಲಿ ಇಸ್ರೇಲಿನಲ್ಲಿ ಆರಂಭವಾದ ಫೈವರ್, ಕೆಲಸ ಮಾಡಿದವರ ಗಳಿಕೆಯಲ್ಲಿ ಶೇಕಡಾ 20 ಇಟ್ಟುಕೊಳ್ಳುತ್ತದೆ. ಸಾವಿರಕ್ಕೆ ಎಂಟುನೂರು ನಮ್ಮದು. ಸುಂಕಕ್ಕಿಂತ ದೊಡ್ಡ ವಿಷಯ ಬೇರೆ ಇದೆ. ಅಲ್ಲಿ ಸಿಗುವ ನಕ್ಷತ್ರಗಳು, ಗ್ರಾಹಕರು ಬರೆದ ಒಳ್ಳೆಯ ಮಾತುಗಳು ಅಲ್ಲೇ ಇರುತ್ತವೆ. ಇನ್ನೊಂದು ಕಡೆಗೆ ಹೋಗುವಾಗ ಗಂಟು ಕಟ್ಟಿ ಒಯ್ಯಲಾಗುವುದಿಲ್ಲ.

ಎರಡನೇ ಪಿಯುಸಿ ಅಕೌಂಟೆನ್ಸಿಯಲ್ಲಿ ನಾವು ಗುಡ್‌ವಿಲ್ ಓದುತ್ತೇವೆ. ವರ್ಷಗಟ್ಟಲೆ ಸರಿಯಾಗಿ ನಡೆದ ವ್ಯಾಪಾರಕ್ಕೆ ಬರುವ ಹೆಸರು, ಅದರಿಂದ ಬರುವ ಹೆಚ್ಚಿನ ಲಾಭ. ಹಣ ಕೊಟ್ಟು ಕೊಂಡ ಗುಡ್‌ವಿಲ್ಲನ್ನು ಮಾತ್ರ ಪುಸ್ತಕದಲ್ಲಿ ತೋರಿಸಬೇಕು, ನಾವೇ ಸಂಪಾದಿಸಿದ್ದನ್ನು ತೋರಿಸುವಂತಿಲ್ಲ ಎಂಬ ನಿಯಮವೂ ನಿಮಗೆ ನೆನಪಿರಬಹುದು. ಫ್ರೀಲಾನ್ಸ್ ಬರಹಗಾರರ ಆಸ್ತಿ ಎಂದರೆ ಇದೊಂದೇ, ಪುಸ್ತಕದಲ್ಲಿ ಕಾಣದ ಈ ಹೆಸರು. ಹಾಗಾಗಿ ಕೇಳಬೇಕಾದ ಪ್ರಶ್ನೆ, ಅದು ಯಾರ ಖಾತೆಯಲ್ಲಿ ಜಮೆಯಾಗುತ್ತಿದೆ?

2020ರ ಜೂನ್ 29ರಂದು ಕೇಂದ್ರ ಸರ್ಕಾರ ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳನ್ನು ನಿಷೇಧಿಸಿತು. ನಾವಾಗ ಪ್ರೈಮರಿಯಲ್ಲೋ ಹೈಸ್ಕೂಲಿನ ಹೊಸ್ತಿಲಲ್ಲೋ ಇದ್ದೆವು. ನಿಷೇಧ ಸರಿಯೋ ತಪ್ಪೋ ಎಂಬುದು ಇಲ್ಲಿನ ವಿಷಯವಲ್ಲ. ಆದರೆ ಲಕ್ಷಗಟ್ಟಲೆ ಹಿಂಬಾಲಕರಿದ್ದವರಿಗೆ, ನಾನು ಇನ್ನು ಇಂಥ ಕಡೆ ಸಿಗುತ್ತೇನೆ ಎಂದು ಹೇಳಲೂ ಸಮಯವಾಗಲಿಲ್ಲ ಎಂಬುದು ಮಾತ್ರ ಯೋಚಿಸಬೇಕಾದದ್ದು. ಪುಕ್ಕಟೆ ಮಳಿಗೆಯ ಮಾತೂ ಹಾಗೆಯೇ. ಜಿಯೋಸಿಟೀಸ್ ಎಂಬ ಕಡೆ ಸಾಮಾನ್ಯ ಜನ ಲಕ್ಷಾಂತರ ಪುಟಗಳನ್ನು ಉಚಿತವಾಗಿ ಕಟ್ಟಿಕೊಂಡಿದ್ದರು. ಅದನ್ನು 1999ರಲ್ಲಿ ಯಾಹೂ ಕೊಂಡಿತು, 2009ರಲ್ಲಿ ಮುಚ್ಚಿತು. ಆದ್ದರಿಂದ ಜಾಗ ಪುಕ್ಕಟೆಯಾಗಿದ್ದರೂ ವಿಳಾಸ ನಮ್ಮದಾಗಿರಬೇಕು, ಬರೆದದ್ದರ ಪ್ರತಿ ನಮ್ಮ ಕಂಪ್ಯೂಟರಿನಲ್ಲೂ ಇರಬೇಕು. ಆಗ ಮಳಿಗೆ ಬಿದ್ದರೂ ಅದೇ ವಿಳಾಸವನ್ನು ಇನ್ನೊಂದು ಮಳಿಗೆಗೆ ತಿರುಗಿಸಬಹುದು.

ವಿಳಾಸ ನಮ್ಮದಾಗಿರಬೇಕು ಎಂದೆನಲ್ಲ, ಅದಕ್ಕೆ ಇನ್ನೊಂದು ಅರ್ಥವೂ ಇದೆ. ನಮಗೆ ಪರಿಚಯದ ಅಂಗಡಿಯವರೊಬ್ಬರ ಸೈಟನ್ನು ಮಾಡಿಕೊಟ್ಟವರು, ಡೊಮೈನನ್ನು ತಮ್ಮದೇ ಹೆಸರಿನಲ್ಲಿ ನೋಂದಾಯಿಸಿಕೊಂಡಿದ್ದರು. ಎರಡು ವರ್ಷ ಕಳೆದು ಬೇರೆಯವರಿಗೆ ಕೆಲಸ ಕೊಡಬೇಕೆಂದಾಗ ಹೆಸರು ಬಿಟ್ಟುಕೊಡಲು ಕೇಳಿದ ಹಣ ಆ ಇಡೀ ಸೈಟಿಗೆ ಆಗಿದ್ದ ಖರ್ಚಿಗಿಂತ ಹೆಚ್ಚು. ಕೊನೆಗೆ ಅವರು ಹೊಸ ಹೆಸರನ್ನೇ ತೆಗೆದುಕೊಂಡು, ವಿಸಿಟಿಂಗ್ ಕಾರ್ಡಿನಿಂದ ಕೈಚೀಲದವರೆಗೆ ಎಲ್ಲ ಮರುಮುದ್ರಣ ಮಾಡಿಸಿದರು. ಯಾರಿಂದ ಮಾಡಿಸಿದರೂ ನೋಂದಣಿ ನಮ್ಮ ಹೆಸರಿನಲ್ಲಿ, ನಮ್ಮ ಇಮೇಲಿನಲ್ಲಿ ಇದೆಯೇ ಎಂದು ಮೊದಲು ನೋಡಬೇಕು.

ಈಗ ಲೆಕ್ಕ. ಆಪಾಗೆ ಲ್ಯಾಪ್‌ಟಾಪ್, ಇಂಟರ್ನೆಟ್ ಖರ್ಚು ಸೈಟ್ ಇದ್ದರೂ ಇಲ್ಲದಿದ್ದರೂ ಇದ್ದದ್ದೇ, ಅದನ್ನು ಸೇರಿಸಬಾರದು. 18,000 ರೂಪಾಯಿಯನ್ನು ಪದಕ್ಕೆ 60 ಪೈಸೆಯಂತೆ ಭಾಗಿಸಿದರೆ 30,000 ಪದ. ಎಚ್ಚರಿಕೆಯಿಂದ ಮಾಡಿದರೆ ಆಪಾ ದಿನಕ್ಕೆ ಸುಮಾರು 1,500 ಪದ ಅನುವಾದಿಸುತ್ತಾರೆ. ಅಂದರೆ 20 ದಿನದ ಕೆಲಸ. ಕೇಳಲು ದೊಡ್ಡದಲ್ಲ. ಆದರೆ ಇಲ್ಲೊಂದು ಬಲೆ ಇದೆ. ಈ 30,000 ಪದ ಹೇಗೂ ಬರುತ್ತಿದ್ದ ಕೆಲಸ ಆಗಿರಬಾರದು. ಸೈಟ್ ಇಲ್ಲದಿದ್ದರೆ ಬರುತ್ತಲೇ ಇರಲಿಲ್ಲ ಎನ್ನುವಂಥ ಕೆಲಸವಾಗಿರಬೇಕು. ಎರಡನೇ ವರ್ಷದ 7,000ಕ್ಕೆ ಇನ್ನೂ 11,667 ಪದ ಹೊಸದಾಗಿ ಬರಬೇಕು. ಅದರ ಜೊತೆಗೆ, ಆ ಹಣಕ್ಕೆ ಇನ್ನೊಂದು ಉಪಯೋಗವಿತ್ತು. ಪುಸ್ತಕದಲ್ಲಿ ಅವಕಾಶ ವೆಚ್ಚ ಎಂದು ಓದಿದ್ದು ನಮ್ಮ ಮನೆಯಲ್ಲಿ ಬಿ.ಎಡ್. ಎಂಬ ಹೆಸರಿನಲ್ಲಿತ್ತು. ಸೈಟಿಗೆ ಹಣ ಕೊಟ್ಟಿದ್ದರೆ ಒಂದು ವರ್ಷ ಕಾಯಬೇಕಾಗುತ್ತಿತ್ತು.

900 ರೂಪಾಯಿಯನ್ನು ಅದೇ ರೀತಿ ಭಾಗಿಸಿದರೆ 1,500 ಪದ. ಒಂದು ದಿನದ ಕೆಲಸ. ವರ್ಷದಲ್ಲಿ ಒಬ್ಬೇ ಒಬ್ಬ ಹೊಸ ಗ್ರಾಹಕ ಒಂದು ಸಣ್ಣ ಕರಪತ್ರ ಕೊಟ್ಟರೂ ಹಾಕಿದ ಹಣ ಬಂತು. ಇದನ್ನು ಒಂದು ಹಾಳೆಯಲ್ಲಿ ಎರಡು ಕಾಲಂ ಮಾಡಿ ಬರೆದು ಆಪಾಗೆ ತೋರಿಸಿದೆ. ಅವರು ಹೆಚ್ಚು ಮಾತಾಡಲಿಲ್ಲ. ಮಾರನೇ ದಿನ ಕೊಟೇಶನ್ ಕಳಿಸಿದವರಿಗೆ ಬೇಡವೆಂದು ಮೆಸೇಜ್ ಮಾಡಿದರು, ಡೊಮೈನ್ ಮಾತ್ರ ತೆಗೆದುಕೊಂಡರು, ಉಳಿದದ್ದನ್ನು ನಾವಿಬ್ಬರೇ ಮಾಡಿದೆವು. ಬಿ.ಎಡ್. ಹಣ ಬ್ಯಾಂಕಿನಲ್ಲೇ ಉಳಿಯಿತು.

ಲಾಭವನ್ನು ಹೊಸ ಗ್ರಾಹಕರ ಎಣಿಕೆಯಲ್ಲಿ ಮಾತ್ರ ಅಳೆಯಬಾರದು ಎಂಬುದು ಸೈಟ್ ಆದ ಮೇಲೆ ತಿಳಿಯಿತು. ಮೊದಲು ಆಪಾ ಫೋನಿನಲ್ಲಿ ದರ ಹೇಳುತ್ತಿದ್ದರು, ಕೇಳಿದವರೆಲ್ಲ ಚೌಕಾಸಿ ಮಾಡುತ್ತಿದ್ದರು. ಒಂದು ಸಂಸ್ಥೆಯವರಂತೂ 4,000 ಪದದ ಕೆಲಸ ಮಾಡಿಸಿಕೊಂಡು 2,400 ರೂಪಾಯಿಯನ್ನು ಕೊಡಲೇ ಇಲ್ಲ. ಈಗ ಸೈಟಿನಲ್ಲಿ ದರ ಇದೆ: ಹೊಸ ಕೆಲಸಕ್ಕೆ ಪದಕ್ಕೆ 75 ಪೈಸೆ, ಅರ್ಧ ಹಣ ಮುಂಗಡ, ಎರಡು ಸಲ ತಿದ್ದುಪಡಿ ಉಚಿತ. ಬಾಯಲ್ಲಿ ಹೇಳಿದ ದರದ ಜೊತೆ ವಾದಿಸುವವರು ಬರೆದಿಟ್ಟ ದರದ ಜೊತೆ ಅಷ್ಟಾಗಿ ವಾದಿಸುವುದಿಲ್ಲ. ಅಂಗಡಿಗಳಲ್ಲಿ 'ಸಾಲ ಕೇಳಬೇಡಿ' ಎಂದು ಗೋಡೆಗೆ ಬರೆಸುವುದು ಇದಕ್ಕೇ ಇರಬೇಕು. ಪದಕ್ಕೆ 15 ಪೈಸೆ ಹೆಚ್ಚಾದರೆ, 6,000 ಪದಕ್ಕೆ 900 ರೂಪಾಯಿ. ಒಬ್ಬ ಹೊಸ ಗ್ರಾಹಕನೂ ಸೈಟ್ ನೋಡಿ ಬರದಿದ್ದರೂ ಖರ್ಚು ಹೀಗೆ ವಾಪಸಾಗುತ್ತದೆ.

ಇನ್ನೊಂದು ವಿಷಯವನ್ನು ಈ ಬಗೆಯ ಸಲಹೆ ಕೊಡುವವರು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಮನೆಯಿಂದ ಕೆಲಸ ಮಾಡುವ ಹೆಣ್ಣುಮಕ್ಕಳಿಗೆ ಅವರ ಮೊಬೈಲ್ ನಂಬರೇ ಅಂಗಡಿಯ ಬಾಗಿಲು. ಆಪಾ ಅವರ ನಂಬರು ಯಾರ ಯಾರ ಗುಂಪುಗಳಲ್ಲೋ ಹರಿದಾಡಿತು. ಕೆಲಸ ಕೇಳುವವರ ಜೊತೆಗೆ, ರಾತ್ರಿ ಹನ್ನೊಂದಕ್ಕೆ 'ಹಾಯ್' ಎನ್ನುವವರು, ಫೋಟೋ ಹಾಕಿ ಎನ್ನುವವರು ಬಂದರು. ಬ್ಲಾಕ್ ಮಾಡುವುದೇ ಒಂದು ಕೆಲಸವಾಯಿತು. ಅಮ್ಮಿ ಒಂದು ದಿನ, ಸಾಕು ಈ ಕೆಲಸ, ಬಿಟ್ಟುಬಿಡು ಎಂದರು. ತಪ್ಪು ಮಾಡಿದವರು ಬೇರೆಯವರು, ಕೆಲಸ ಬಿಡಬೇಕಾದವರು ಆಪಾ! ಸೈಟ್ ಆದ ಮೇಲೆ ನಂಬರನ್ನು ಎಲ್ಲ ಕಡೆಯಿಂದ ತೆಗೆದುಹಾಕಿದರು. ಈಗ ಯಾರಾದರೂ ಪರಿಚಯ ಕೇಳಿದರೆ ಸೈಟಿನ ವಿಳಾಸ ಕೊಡುತ್ತಾರೆ. ಅಲ್ಲಿ ಫೋಟೋ ಇಲ್ಲ, ನಂಬರ್ ಇಲ್ಲ. ಹೆಸರು, ಕೆಲಸದ ಮಾದರಿ, ದರ ಮತ್ತು ಒಂದು ಫಾರಂ ಇದೆ. ಎಷ್ಟು ಪದ, ಯಾವ ಭಾಷೆ, ಯಾವಾಗ ಬೇಕು ಎಂದು ತುಂಬಿಸಿದರೆ ಇಮೇಲಿಗೆ ಬರುತ್ತದೆ. ಸುಮ್ಮನೆ 'ಹಾಯ್' ಎನ್ನುವವರು ಅಷ್ಟು ದೊಡ್ಡ ಫಾರಂ ತುಂಬುವುದಿಲ್ಲ. ಆಪಾ ಕೆಲಸ ಬಿಡದೆ ಉಳಿದದ್ದಕ್ಕೆ ಈ ಫಾರಂ ಕಾರಣ. ಹಾಗಾಗಿ ವೆಬ್‌ಸೈಟಿನಿಂದ ಲಾಭವಿದೆಯೇ ಎಂದು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಇದನ್ನೇ, ಲೆಕ್ಕದ ಹಾಳೆಯನ್ನಲ್ಲ.

ಸೈಟಿನಲ್ಲಿ ಏನು ಹಾಕಬೇಕು ಎಂಬಲ್ಲಿ ಒಂದು ತೊಡಕು ಬಂತು. ಎರಡು ವರ್ಷದಲ್ಲಿ ನಲವತ್ತಕ್ಕೂ ಹೆಚ್ಚು ಕೆಲಸ ಮಾಡಿದ್ದರೂ, ಇದು ನಾನು ಮಾಡಿದ್ದು ಎಂದು ತೋರಿಸಲು ಆದದ್ದು ಮೂರನ್ನು ಮಾತ್ರ. ಉಳಿದವು ಬೇರೆಯವರ ಹೆಸರಿನಲ್ಲಿ ಅಚ್ಚಾದವು, ಅಥವಾ ಅವರ ಒಳಗಿನ ಕಾಗದಪತ್ರಗಳು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ನೌಕರರಾಗಿ ಬರೆದರೆ ಹಕ್ಕು ಸಾಮಾನ್ಯವಾಗಿ ಮಾಲೀಕರದು. ನೌಕರರಲ್ಲದವರು ಬರೆದರೆ ಮೊದಲ ಹಕ್ಕು ಬರೆದವರದೇ, ಅದನ್ನು ಬೇರೆಯವರಿಗೆ ಕೊಡಬೇಕಾದರೆ ಬರವಣಿಗೆಯಲ್ಲಿ, ಸಹಿಯೊಂದಿಗೆ ಕೊಡಬೇಕು. ಅನುವಾದದಲ್ಲಿ ಮೂಲ ಬರೆದವರ ಹಕ್ಕೂ ಸೇರಿಕೊಳ್ಳುತ್ತದೆ. ಕಾಯ್ದೆ ಏನೇ ಇರಲಿ, ಗ್ರಾಹಕರ ಒಳಗಿನ ವರದಿಯನ್ನು ಕೇಳದೆ ಲೋಕಕ್ಕೆ ತೋರಿಸಿದರೆ ಮುಂದೆ ಅವರು ಕೆಲಸ ಕೊಡುವುದಿಲ್ಲ. ಹಾಗಾಗಿ ಕೆಲಸ ಒಪ್ಪಿಸುವಾಗಲೇ, ಇದರ ಒಂದು ಪುಟವನ್ನು ಮಾದರಿಯಾಗಿ ತೋರಿಸಬಹುದೇ ಎಂದು ಇಮೇಲಿನಲ್ಲಿ ಕೇಳಿಡುವುದು ಒಳ್ಳೆಯದು. ಅನುವಾದಕರ ಹೆಸರು ಹೊರಗೆ ಕಾಣುವುದೇ ಅಪರೂಪ. 2025ರಲ್ಲಿ ಹಾಸನದ ಬಾನು ಮುಷ್ತಾಕ್ ಅವರ 'ಹಾರ್ಟ್ ಲ್ಯಾಂಪ್' ಕೃತಿಗೆ ಅಂತರರಾಷ್ಟ್ರೀಯ ಬುಕರ್ ಬಂದಾಗ, 50,000 ಪೌಂಡಿನ ಬಹುಮಾನದಲ್ಲಿ ಅನುವಾದಕಿ ದೀಪಾ ಭಾಸ್ತಿ ಅವರಿಗೆ ಸರಿ ಅರ್ಧ ಸಿಕ್ಕಿತು. ಆ ಸುದ್ದಿ ಓದಿದ ದಿನ ಆಪಾ ಮನೆಯಲ್ಲಿ ಪಾಯಸ ಮಾಡಿದ್ದರು.

ಮಾದರಿ ಇಲ್ಲದಿದ್ದರೆ ಮಾದರಿಯನ್ನು ತಯಾರಿಸಿಕೊಳ್ಳಬಹುದು. ಲೇಖಕರು ತೀರಿಕೊಂಡ ವರ್ಷದ ಕೊನೆಯಿಂದ 60 ವರ್ಷವಾದ ಮೇಲೆ ಅವರ ಕೃತಿಗಳು ಎಲ್ಲರವೂ ಆಗುತ್ತವೆ. ಗಳಗನಾಥರು ತೀರಿಕೊಂಡದ್ದು 1942ರಲ್ಲಿ. ಆಪಾ ಅವರ ಕಾದಂಬರಿಯೊಂದರ ಒಂದು ಪುಟವನ್ನು ಉರ್ದುವಿಗೂ ಇಂಗ್ಲಿಷಿಗೂ ತಂದು ಮೂರನ್ನೂ ಅಕ್ಕಪಕ್ಕ ಹಾಕಿದರು. ಗಳಗನಾಥರ ಹೆಸರು ಇಲ್ಲಿ ಬಂದದ್ದು ಒಳ್ಳೆಯದೇ ಆಯಿತು. ಅವರು ತಾವೇ ಬರೆದು, ತಾವೇ ಪ್ರಕಟಿಸಿ, ಪುಸ್ತಕದ ಹೊರೆಯನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದವರು ಎಂದು ಕನ್ನಡದ ಮೇಡಂ ಪಾಠದಲ್ಲಿ ಹೇಳಿದ್ದರು. ಸ್ವಂತ ಪ್ರಕಟಣೆ ಇದ್ದವರಿಗೂ ತಿರುಗುವುದು ತಪ್ಪಲಿಲ್ಲ. ಸೈಟ್ ಮಾಡಿ ಸುಮ್ಮನೆ ಕುಳಿತವರಿಗೆ ಯಾರು ಕೆಲಸ ತಂದುಕೊಡುತ್ತಾರೆ?

ಲಿಪಿಯ ಬಗ್ಗೆ ಒಂದು ಮಾತು. ಕನ್ನಡದಲ್ಲಿ ಬರೆಯುವವರು ಯೂನಿಕೋಡ್‌ನಲ್ಲೇ ಹಾಕಬೇಕು. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಹಾಗೇ ಅಂಟಿಸಿದರೆ ಬೇರೆಯವರ ಫೋನಿನಲ್ಲಿ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ಉರ್ದುವಿನಲ್ಲಿ ಈ ತೊಂದರೆ ಇನ್ನೂ ಹೆಚ್ಚು. ನಸ್ತಾಲೀಕ್ ಅಕ್ಷರ ಚೆಂದ ಕಾಣಬೇಕೆಂದು ಇನ್‌ಪೇಜ್‌ನಲ್ಲಿ ಮಾಡಿದ ಪುಟವನ್ನು ಚಿತ್ರವಾಗಿಸಿ ಹಾಕುವ ಅಭ್ಯಾಸ ಇದೆ. ಕಣ್ಣಿಗೆ ಹಿತ, ಆದರೆ ಚಿತ್ರದೊಳಗಿನ ಪದಗಳು ಹುಡುಕಾಟಕ್ಕೆ ಸರಿಯಾಗಿ ಸಿಗುವುದಿಲ್ಲ, ಫೋನಿನಲ್ಲಿ ಹಿಗ್ಗಿಸಿ ಓದಬೇಕು. ನಾವು ಉರ್ದು ಪುಟವನ್ನು ಅಕ್ಷರವಾಗಿಯೇ ಹಾಕಿದೆವು. ಅಬ್ಬಾ ನೋಡಿ, ಕಾತಿಬರು ಬರೆದಂತೆ ಇಲ್ಲ ಎಂದರು. ಇಲ್ಲ, ನಿಜ.

ಸೈಟ್ ಶುರುವಾಗಿ ಎಂಟು ತಿಂಗಳಾಯಿತು. ಗೂಗಲಿನಲ್ಲಿ ಹುಡುಕಿ ತಾವಾಗಿ ಬಂದವರು ಇಬ್ಬರು. ಒಬ್ಬರು ದರ ಕೇಳಿ ಮತ್ತೆ ಬರಲಿಲ್ಲ, ಇನ್ನೊಬ್ಬರು 2,000 ಪದದ ಒಂದು ಕೆಲಸ ಕೊಟ್ಟರು. ಪರಿಚಯದವರ ಮೂಲಕ ಕೇಳಿದ ಹನ್ನೊಂದು ಜನರಿಗೆ ಆಪಾ ವಿಳಾಸ ಕಳಿಸಿದ್ದರು, ಅವರಲ್ಲಿ ಆರು ಜನ ಕೆಲಸ ಕೊಟ್ಟರು. ಆರೂ ಜನ ಮುಂಗಡ ಕೊಟ್ಟೇ ಶುರು ಮಾಡಿಸಿದರು. ಈ ಅಂಕಿಗಳನ್ನು ಎಲ್ಲರಿಗೂ ಅನ್ವಯಿಸಬೇಡಿ, ಇದು ಒಂದು ಮನೆಯ ಲೆಕ್ಕ. ಊರಿನ ಎರಡು ಮೂರು ಖಾಯಂ ಗ್ರಾಹಕರಿಂದಲೇ ಕೈತುಂಬ ಕೆಲಸ ಇರುವವರಿಗೆ ಸೈಟ್ ಈಗಲೇ ಬೇಕಿಲ್ಲ. ಪತ್ರಿಕೆಗಳಿಗೆ ಬರೆಯುವವರ ವಿಷಯದಲ್ಲಿ ಸಂಪಾದಕರು ನೋಡುವುದು ಕಳಿಸಿದ ಲೇಖನವನ್ನು, ಸೈಟನ್ನಲ್ಲ. ಇನ್ನೂ ಏನೂ ಬರೆಯದವರು ಮೊದಲು ಬರೆಯಬೇಕು. ಖಾಲಿ ಅಂಗಡಿಗೆ ದೊಡ್ಡ ಬೋರ್ಡು ಹಾಕಿದರೆ ನೋಡಿದವರು ಇನ್ನೊಮ್ಮೆ ಬರುವುದಿಲ್ಲ.

ಇದನ್ನೆಲ್ಲ ನೋಡಿ ನನಗೂ ಒಂದು ಹೆಸರು ತೆಗೆದಿಟ್ಟುಕೊಳ್ಳುವ ಆಸೆ ಬಂತು. ಆದರೆ ನನಗೆ ಹದಿನೇಳು. ಸಿಎ ಫೌಂಡೇಶನ್ನಿಗೆ ಓದುತ್ತಿರುವ ಗೆಳೆಯರಿಗೆ ಗೊತ್ತಿರುತ್ತದೆ, 1872ರ ಭಾರತೀಯ ಕರಾರು ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಪ್ರಾಪ್ತರು ಕರಾರು ಮಾಡಿಕೊಳ್ಳಲು ಅರ್ಹರಲ್ಲ. ಅಪ್ರಾಪ್ತರ ಕರಾರು ಮೊದಲಿನಿಂದಲೇ ಶೂನ್ಯ ಎಂದು 1903ರಲ್ಲಿ ಮೊಹೋರಿ ಬೀಬಿ ಪ್ರಕರಣದಲ್ಲಿ ಪ್ರಿವಿ ಕೌನ್ಸಿಲ್ ತೀರ್ಪು ಕೊಟ್ಟಿದೆ. ಡೊಮೈನ್ ನೋಂದಣಿಯೂ ಒಂದು ಕರಾರೇ, ಗ್ರಾಹಕರ ಜೊತೆ ಒಪ್ಪುವ ಕೆಲಸವೂ ಕರಾರೇ. ಹಾಗಾಗಿ ನಮ್ಮ ತರಗತಿಯಲ್ಲಿ ಯಾರಾದರೂ ಶುರು ಮಾಡುವುದಿದ್ದರೆ ಹದಿನೆಂಟು ತುಂಬುವವರೆಗೆ ತಂದೆ ತಾಯಿಯ ಹೆಸರಿನಲ್ಲಿ ಮಾಡಿ. ನನ್ನದನ್ನು ಅಮ್ಮಿ ಅವರ ಹೆಸರಿನಲ್ಲಿ ತೆಗೆದುಕೊಳ್ಳುವ ಮಾತಾಗಿದೆ. 900 ರೂಪಾಯಿ ಎಲ್ಲಿಂದ ಬರುತ್ತದೆ ಎಂದು ಅವರು ಕೇಳಿದ್ದಾರೆ. ಆಪಾ ಅವರ ಮುಂದಿನ ಕೆಲಸದ ಟೈಪಿಂಗ್ ನಾನು ಮಾಡಿಕೊಡುವುದೆಂದು ಸದ್ಯಕ್ಕೆ ಒಪ್ಪಂದವಾಗಿದೆ. ಅದೂ ಶೂನ್ಯ ಕರಾರೇ, ಆದರೆ ಆಪಾ ಅದನ್ನು ಒಪ್ಪುತ್ತಿಲ್ಲ.